ಹೊಟ್ಟಿ ಸಣ್ಣದಾತು, ತಾಟು ಯಾವಾಗ?

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಯಾರಾದರೂ ಆಸ್ಪತ್ರೆಯಿಂದ ಮನೆಗೆ ಬಂದರೆ ನೋಡೋಕೆ ಬರೋ ಮಂದಿ ಎರಡು ಐಟಂ ತಂದೇ ತರುತ್ತಾರೆ. ಒಂದು ಕರದಂಟಿನ ಬಾಕ್ಸ್. ಇನ್ನೊಂದು, "ಚೊಲೋತ್ನಂಗ ಉಣ್ರಿ, ಶಕ್ತಿ ಬರ್ತೈತಿ" ಅನ್ನೋ ಮಾತು. ಬಾಣಂತಿಗೆ, ಜ್ವರ ಬಂದು ಸೊರಗಿದವರಿಗೆ, ಕಾಲು ಮುರಿದವರಿಗೆ ಎರಡೂ ನಡೆಯುತ್ತವೆ. ಆದರೆ ತೂಕ ಇಳಿಸೋ ಆಪರೇಷನ್ ಮಾಡಿಸಿಕೊಂಡು ಬಂದವರಿಗೆ ಎರಡೂ ಉಲ್ಟಾ ಹೊಡೆಯುತ್ತವೆ. ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಬಯಾಲಜಿ, ಸ್ವಲ್ಪ ನಮ್ಮದೇ ಇಂಜಿನಿಯರಿಂಗ್ ಸಾಕು.

2011ರಲ್ಲಿ ನಿತಿನ್ ಗಡ್ಕರಿ, 2014ರಲ್ಲಿ ಅರುಣ್ ಜೇಟ್ಲಿ ಈ ಆಪರೇಷನ್ ಮಾಡಿಸಿಕೊಂಡಾಗ ಅದು ದೊಡ್ಡವರ ಸುದ್ದಿ. ಈಗ ಹಾಗಿಲ್ಲ. ಶುಗರ್, ಬಿಪಿ, ಮೊಣಕಾಲು ನೋವು ಅಂತ ಬೇಸತ್ತ ನಮ್ಮ ನಿಮ್ಮ ಮನೆಯ ಕಾಕಾ, ಅತ್ತಿ ಕೂಡ ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ ಮಾಡಿಸಿಕೊಂಡು ಬರುತ್ತಾರೆ. ಅವರು ಊರಿಗೆ ಬಂದ ಮೇಲೆ ಸರ್ಜನ್ ಜೊತೆಗಿರೋದಿಲ್ಲ. ಜೊತೆಗಿರೋದು ಅಡುಗೆಮನೆ ಮತ್ತು ನಾವು.

ಮೊದಲು ಒಂದು ಗೊಂದಲ ಬಗೆಹರಿಸೋಣ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸೋ ಸರ್ಜರಿಯ ನಂತರ ತೀರಿಕೊಂಡರು. ವಯಸ್ಸು ಬರೀ 21. ಆಗ ತುಂಬ ಜನ ಎಲ್ಲವನ್ನೂ ಸೇರಿಸಿ "ತೂಕ ಇಳಿಸೋ ಆಪರೇಷನ್" ಅಂದುಬಿಟ್ಟರು. ಚರ್ಮದ ಕೆಳಗಿನ ಕೊಬ್ಬು ತೆಗೆಯೋದು ದೇಹದ ಆಕಾರಕ್ಕೆ ಮಾಡೋ ಕಾಸ್ಮೆಟಿಕ್ ಸರ್ಜರಿ. ಬೇರಿಯಾಟ್ರಿಕ್ ಸರ್ಜರಿ ಮುಟ್ಟೋದು ಜಠರವನ್ನು, ಕೆಲವೊಮ್ಮೆ ಸಣ್ಣ ಕರುಳನ್ನೂ. ತೂಕ ತುಂಬ ಹೆಚ್ಚಾಗಿ ಅದರಿಂದ ಕಾಯಿಲೆಗಳು ಬಂದವರಿಗೆ ಡಾಕ್ಟರು ಇದನ್ನು ಹೇಳುತ್ತಾರೆ. ಮದುವೆ ಫೋಟೋಗೆ ಐದು ಕೆಜಿ ಇಳಿಸೋ ದಾರಿ ಇದಲ್ಲ.

ಹಿಡಕಲ್ ಡ್ಯಾಮ್ ಲೆಕ್ಕ

ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮ್ ನೋಡಿದ್ದೀರಲ್ಲ? ಸುಮಾರು 51 ಟಿಎಂಸಿ ನೀರು ಹಿಡಿಯುತ್ತದೆ. ಘಟಪ್ರಭಾ ನದಿಗೆ ಮಳೆಗಾಲದಲ್ಲಿ ಎಷ್ಟೇ ನೀರು ಬರಲಿ, ಅದು ತಡೆದು ಹಿಡಿದು, ಗೇಟಿನಿಂದ ಬೇಕಾದಷ್ಟೇ ಬಿಡುತ್ತದೆ. ಆ ನೀರು ಗೋಕಾಕ ತಾಲೂಕಿನ ಧುಪದಾಳಕ್ಕೆ ಬಂದು, ಅಲ್ಲಿಂದ ಕಾಲುವೆ ಹಿಡಿದು ಮೂಡಲಗಿ ಕಡೆ ಹೊಲಗಳಿಗೆ ಹೋಗುತ್ತದೆ. ನಮ್ಮ ಜಠರ ಮಾಡೋದು ಇದೇ ಕೆಲಸ. ಹೊಟ್ಟೆತುಂಬ ಉಂಡಾಗ ಒಂದು ಲೀಟರ್‌ಗೂ ಹೆಚ್ಚು ಹಿಡಿಯುತ್ತದೆ, ಅರೆಯುತ್ತದೆ, ಕೆಳಗಿನ ಪೈಲೋರಸ್ ಅನ್ನೋ ಗೇಟಿನಿಂದ ಸ್ವಲ್ಪ ಸ್ವಲ್ಪವೇ ಸಣ್ಣ ಕರುಳಿಗೆ ಬಿಡುತ್ತದೆ.

ಸ್ಲೀವ್ ಸರ್ಜರಿಯಲ್ಲಿ ಜಠರದ ಸುಮಾರು 75ರಿಂದ 80 ಪರ್ಸೆಂಟ್ ಭಾಗವನ್ನು ಸ್ಟೇಪ್ಲರ್ ಹಾಕಿ ಕತ್ತರಿಸಿ ತೆಗೆಯುತ್ತಾರೆ. ಒಳಗೆ 12-13 ಮಿಲಿಮೀಟರ್ ದಪ್ಪದ ಒಂದು ಟ್ಯೂಬ್ ಇಟ್ಟು, ಅದರ ಅಳತೆಗೆ ಸ್ಟೇಪಲ್ ಹೊಡೆಯುತ್ತಾರೆ. ಚೀಲದಂಗಿದ್ದ ಜಠರ ಪೈಪಿನಂಗಾಗುತ್ತದೆ. ಹಿಡಿಯೋದು 100-150 ಮಿಲಿ, ಅಂದ್ರೆ ಒಂದು ಕಟಿಂಗ್ ಚಹಾಕ್ಕಿಂತ ಸ್ವಲ್ಪ ಜಾಸ್ತಿ. 51 ಟಿಎಂಸಿ ಡ್ಯಾಮ್ ಹತ್ತು ಟಿಎಂಸಿಗೆ ಇಳಿದಂಗೆ. ಗೇಟ್ ಮಾತ್ರ ಹಾಗೇ ಇರುತ್ತದೆ.

ಬೈಪಾಸ್ ಸರ್ಜರಿಯಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಯ ಸಣ್ಣ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಡ್ಯಾಮೂ ಇಲ್ಲ, ಗೇಟೂ ಇಲ್ಲ, ಊಟ ಸೀದಾ ಕಾಲುವೆಗೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸರ್ಜನ್ ಎಡ್ವರ್ಡ್ ಮೇಸನ್ 1960ರ ದಶಕದಲ್ಲಿ ಇದನ್ನು ಶುರುಮಾಡಿದರು. ಅಲ್ಸರ್‌ಗಾಗಿ ಜಠರದ ಭಾಗ ತೆಗೆಸಿಕೊಂಡವರ ತೂಕ ಇಳಿಯೋದು ನೋಡಿ ಬಂದ ಐಡಿಯಾ ಅದು.

ಇನ್ನೊಂದು ಮುಖ್ಯ ವಿಷಯ. ಹಸಿವು ಹುಟ್ಟಿಸೋ ಗ್ರೆಲಿನ್ ಅನ್ನೋ ಹಾರ್ಮೋನನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದರು. ಅದು ಹೆಚ್ಚಾಗಿ ತಯಾರಾಗೋದು ಸ್ಲೀವ್‌ನಲ್ಲಿ ತೆಗೆದುಹಾಕೋ ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಅವರಿಗೆ ಹಸಿವೇ ಆಗದಿರಬಹುದು. "ಉಣ್ಣವಲ್ಲರು, ಏನೋ ಸಿಟ್ಟಾಗ್ಯಾರ" ಅಂತ ಮನೆಯವರು ಅಂದುಕೊಳ್ಳುತ್ತಾರೆ. ಸಿಟ್ಟಲ್ಲ, ಸಿಗ್ನಲ್ಲೇ ಬರುತ್ತಿಲ್ಲ.

ಮೊದಲ ಎರಡು ತಿಂಗಳು

ಒಳಗಿನ ಸ್ಟೇಪಲ್ ಲೈನ್ ಕೂಡಿಕೊಳ್ಳೋಕೆ ಟೈಮ್ ಬೇಕು. ಅದಕ್ಕೇ ಊಟ ಹಂತಹಂತವಾಗಿ ಬರುತ್ತದೆ. ದಿನದ ಲೆಕ್ಕ ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಬೇರೆ, ಕ್ರಮ ಮಾತ್ರ ಹೆಚ್ಚುಕಡಿಮೆ ಒಂದೇ.

ಮೊದಲ ಒಂದೆರಡು ದಿನ ತಿಳಿ ನೀರಿನಂಥದ್ದು: ನೀರು, ಖಾರವಿಲ್ಲದ ಬ್ಯಾಳಿ ಕಟ್ಟಿನ ತಿಳಿ. ಅದೂ ಗುಟುಕು ಗುಟುಕಾಗಿ. ಆಮೇಲೆ ಸುಮಾರು ಎರಡು ವಾರದವರೆಗೆ ಹಾಲು, ಮಜ್ಜಿಗೆ, ಸೋಸಿದ ಬೇಳೆ, ಪ್ರೋಟೀನ್ ಪುಡಿ ಕಲಸಿದ ನೀರು. ಮೂರು, ನಾಲ್ಕನೇ ವಾರ ನುಣ್ಣಗೆ ರುಬ್ಬಿದ್ದು: ಹೆಸರುಬ್ಯಾಳಿ, ಮೊಸರು, ಬೇಯಿಸಿ ಕಿವುಚಿದ ತರಕಾರಿ. ಆಮೇಲೆ ಮೆತ್ತಗಿನದು: ಬೇಯಿಸಿದ ಮೊಟ್ಟೆ, ಪನೀರ್, ತೆಳ್ಳಗಿನ ಝುಣಕ, ಬ್ಯಾಳಿ ಹೆಚ್ಚಿಗೆ ಹಾಕಿದ ಮೆತ್ತನೆ ಕಿಚಡಿ. ಆರರಿಂದ ಎಂಟು ವಾರದ ಹೊತ್ತಿಗೆ ಮಾಮೂಲಿ ಊಟ, ಅದೂ ಡಾಕ್ಟರು ಹೂಂ ಅಂದ ಮೇಲೆ.

ಮಾಮೂಲಿ ಊಟ ಅಂದ್ರೆ ಐಟಂ ಮಾತ್ರ ಮಾಮೂಲಿ, ಉಣ್ಣೋ ರೀತಿ ಬೇರೆ. ಸಣ್ಣ ತುತ್ತು. ಒಂದೊಂದನ್ನೂ 20-30 ಸಲ ಅಗಿಯಬೇಕು, ಯಾಕಂದ್ರೆ ಅರೆಯೋ ಮಷೀನ್ ಈಗ ಚಿಕ್ಕದು. ಊಟಕ್ಕೆ 20-30 ನಿಮಿಷ. ಊಟದ ಜೊತೆ ನೀರು ಬೇಡ, ಮುಗಿದು ಅರ್ಧ ಗಂಟೆ ಆದ ಮೇಲೆ ಕುಡಿಯಬೇಕು. ನಮ್ಮಲ್ಲಿ ತಾಟಿನ ಪಕ್ಕ ನೀರಿನ ತಂಬಿಗೆ ಇಡದಿದ್ದರೆ ಅವಮಾನ ಮಾಡಿದಂಗೆ. ಇವರಿಗೆ ಮಾತ್ರ ತಂಬಿಗೆ ದೂರ ಇಡೋದೇ ಮರ್ಯಾದೆ. ಹಾಗಂತ ನೀರು ಕಮ್ಮಿ ಮಾಡಬಾರದು. ದಿನಕ್ಕೆ ಒಂದೂವರೆ-ಎರಡು ಲೀಟರ್ ಬೇಕೇ ಬೇಕು, ಊಟದ ನಡುವಿನ ಹೊತ್ತಲ್ಲಿ, ಗುಟುಕು ಗುಟುಕಾಗಿ.

ರೊಟ್ಟಿ ವಿಷಯ ಕೇಳ್ತೀರಿ, ಗೊತ್ತು. ಮೆತ್ತನೆ ಚಪಾತಿ, ಬ್ರೆಡ್ಡು, ಅನ್ನ ಕೆಲವರಿಗೆ ಒಳಗೆ ಉಂಡೆಯಾಗಿ ಸಿಕ್ಕಿಕೊಂಡಂಗೆ ಆಗುತ್ತದೆ. ಅದಕ್ಕೇ ಜೋಳದ ರೊಟ್ಟಿ ಕೊನೆಗೆ ಬರುತ್ತದೆ, ಕಾಲು ರೊಟ್ಟಿಯಿಂದ ಶುರು, ಚೆನ್ನಾಗಿ ಅಗಿದು. ಅದಕ್ಕೂ ಮೊದಲು ಪಲ್ಯ, ಬ್ಯಾಳಿ, ಮೊಟ್ಟೆ ಮುಗಿದಿರಬೇಕು.

ಕರದಂಟು ಯಾಕೆ ಬೇಡ?

ಕರದಂಟಿನಲ್ಲಿ ಬೆಲ್ಲ, ಕರಿದ ಅಂಟು, ಒಣಕೊಬ್ಬರಿ, ಡ್ರೈಫ್ರೂಟ್ಸ್ ಇರುತ್ತವೆ. ಸಣ್ಣ ತುಂಡಿನಲ್ಲಿ ದೊಡ್ಡ ಎನರ್ಜಿ ತುಂಬೋದೇ ಅದರ ಡಿಸೈನ್. ಅದೇ ಇಲ್ಲಿ ತೊಂದರೆ.

ಆಸ್ಮೋಸಿಸ್ ನೆನಪಿಸಿಕೊಳ್ಳಿ. ಬೈಪಾಸ್ ಆದವರು ಸಿಹಿ ತಿಂದರೆ, ತಡೆದು ಬಿಡೋ ಗೇಟ್ ಇಲ್ಲದ್ದರಿಂದ ಸಕ್ಕರೆಯ ಗಟ್ಟಿ ದ್ರಾವಣ ಒಮ್ಮೆಲೇ ಸಣ್ಣ ಕರುಳಿಗೆ ಬೀಳುತ್ತದೆ. ಅದನ್ನು ತೆಳು ಮಾಡೋಕೆ ರಕ್ತದಿಂದ ನೀರು ಕರುಳಿನ ಒಳಗೆ ನುಗ್ಗುತ್ತದೆ. 10-30 ನಿಮಿಷದಲ್ಲಿ ಎದೆ ಡವಡವ, ಬೆವರು, ಹೊಟ್ಟೆ ಹಿಂಡಿದಂಗೆ, ತಲೆಸುತ್ತು, ಭೇದಿ. ಇದಕ್ಕೆ ಡಂಪಿಂಗ್ ಸಿಂಡ್ರೋಮ್ ಅಂತ ಹೆಸರು. ಇನ್ನೊಂದು ತಡವಾಗಿ ಬರೋದು: ಸಕ್ಕರೆ ಸರ್ರನೆ ರಕ್ತಕ್ಕೆ ಏರಿದ್ದಕ್ಕೆ ದೇಹ ಇನ್ಸುಲಿನ್ ಜಾಸ್ತಿ ಸುರಿಯುತ್ತದೆ, ಒಂದರಿಂದ ಮೂರು ತಾಸಿನಲ್ಲಿ ಶುಗರ್ ಕೆಳಗೆ ಬಿದ್ದು ಕೈಕಾಲು ನಡುಗುತ್ತವೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಓವರ್‌ಶೂಟ್ ಅಂದರೆ ಸಾಕು. ಸ್ಲೀವ್ ಆದವರಿಗೆ ಇದು ಕಮ್ಮಿ, ಆದರೆ ಆಗಲ್ಲ ಅಂತಲ್ಲ.

"ಬೆಲ್ಲ ನ್ಯಾಚುರಲ್ ಐತಿ, ಸಕ್ಕರಿ ಅಲ್ಲಲ್ಲ" ಅನ್ನೋ ವಾದ ಕರುಳಿನ ಮುಂದೆ ನಡೆಯೋದಿಲ್ಲ. ಬೆಲ್ಲದಲ್ಲಿ ಹೆಚ್ಚಾಗಿ ಇರೋದೂ ಸುಕ್ರೋಸ್. ಗಾಣದಿಂದ ಈಗಷ್ಟೇ ಹಿಂಡಿ ತಂದ ಕಬ್ಬಿನ ಹಾಲೂ ಅಷ್ಟೇ. ಕಬ್ಬಿನ ಸೀಮೆಯವರಾದ ನಮಗೆ ಇದು ಕಷ್ಟದ ಮಾತು, ಆದರೂ ಸತ್ಯ.

60 ಗ್ರಾಂ ಸವಾಲು

ಕಮ್ಮಿ ಉಂಡರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದನ್ನು ತಡೆಯೋಕೆ ಸಾಮಾನ್ಯವಾಗಿ ದಿನಕ್ಕೆ 60-80 ಗ್ರಾಂ ಪ್ರೋಟೀನ್ ತಗೊಳ್ಳಿ ಅಂತ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಎರಡು ಮೊಟ್ಟೆ ಸುಮಾರು 12 ಗ್ರಾಂ. ಎರಡು ಲೋಟ ಹಾಲು 13. ಒಂದು ಬಟ್ಟಲು ಗಟ್ಟಿ ಬ್ಯಾಳಿ 7. 50 ಗ್ರಾಂ ಪನೀರ್ 9. ಒಂದು ಬಟ್ಟಲು ಮೊಸರು 5. ಒಟ್ಟು 46. ಕಟಿಂಗ್ ಕಪ್ಪಿನಷ್ಟು ಹೊಟ್ಟೆಯಲ್ಲಿ ಇಷ್ಟು ತುಂಬೋದೇ ಒಂದು ದಿನದ ಕೆಲಸ, ಆದರೂ 60 ಮುಟ್ಟಲಿಲ್ಲ. ಪ್ರೋಟೀನ್ ಪುಡಿ ಯಾಕೆ ಬರೆದುಕೊಡುತ್ತಾರೆ ಅನ್ನೋದು ಈಗ ಗೊತ್ತಾಯ್ತಲ್ಲ? ಅದು ಜಿಮ್ ಶೋಕಿ ಅಲ್ಲ. ಒಂದು ಜೋಳದ ರೊಟ್ಟಿಯಲ್ಲಿ ಸಿಗೋದು ನಾಲ್ಕೈದು ಗ್ರಾಂ, ಜಾಗ ಮಾತ್ರ ಪೂರ್ತಿ ಹಿಡಿಯುತ್ತದೆ. ಅದಕ್ಕೇ ಮೊದಲು ಪ್ರೋಟೀನ್, ಆಮೇಲೆ ರೊಟ್ಟಿ.

ವಿಟಮಿನ್ ಮಾತ್ರೆಗಳೂ ಹಾಗೇ. ಬಿ12 ಹೀರಿಕೊಳ್ಳೋಕೆ ಬೇಕಾದ ವಸ್ತು ತಯಾರಾಗೋದು ಜಠರದಲ್ಲಿ, ಕಬ್ಬಿಣ ಹೆಚ್ಚಾಗಿ ಹೀರಿಕೊಳ್ಳೋದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಒಂದನ್ನು ಸಣ್ಣದು ಮಾಡಿ ಇನ್ನೊಂದನ್ನು ದಾಟಿಸಿದ ಮೇಲೆ ಬರೀ ಊಟದಿಂದ ಸಾಲೋದಿಲ್ಲ. ಮಾತ್ರೆ ಜೀವನಪೂರ್ತಿ, ರಕ್ತ ಪರೀಕ್ಷೆಯೂ. "ಈಗ ಆರಾಮ ಅದೀನಲ್ಲ" ಅಂತ ಬಿಟ್ಟರೆ ಕೊರತೆ ತಿಂಗಳುಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಮೂರರಿಂದ ಆರನೇ ತಿಂಗಳ ನಡುವೆ ಕೂದಲು ಉದುರೋದು ಸಾಮಾನ್ಯ. ಪ್ರೋಟೀನ್, ಕಬ್ಬಿಣ ಸರಿ ಇದ್ದರೆ ಹೆಚ್ಚಿನವರಿಗೆ ವಾಪಸ್ ಬರುತ್ತದೆ.

ಯಾವಾಗ ಗಾಡಿ ಹತ್ತಬೇಕು

ಆಪರೇಷನ್ ಆದ ದಿನವೇ ಅಥವಾ ಮರುದಿನ ನಡೆಸುತ್ತಾರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ. ಮನೆಯಲ್ಲೂ ನಡೆಯಬೇಕು. ಆದರೆ ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಮೇವಿನ ಹೊರೆ ಸುಮಾರು ಆರು ವಾರ ಎತ್ತೋ ಹಾಗಿಲ್ಲ.

ಜ್ವರ, ಕಮ್ಮಿಯಾಗದ ಎದೆಬಡಿತ, ಹೆಚ್ಚುತ್ತಾ ಹೋಗೋ ಹೊಟ್ಟೆನೋವು ಅಥವಾ ಎಡ ಭುಜದ ನೋವು: ಸ್ಟೇಪಲ್ ಲೈನ್ ಸೋರುತ್ತಿರಬಹುದು. ಉಸಿರುಗಟ್ಟಿದಂಗೆ ಆಗೋದು, ಒಂದೇ ಕಾಲು ಊದಿ ನೋಯೋದು: ರಕ್ತ ಹೆಪ್ಪುಗಟ್ಟಿರಬಹುದು. ನಿಲ್ಲದ ವಾಂತಿ: ನೀರು ಕಮ್ಮಿಯಾಗೋದರ ಜೊತೆ ಬಿ1 ವಿಟಮಿನ್ ಕುಸಿದು ನರಕ್ಕೆ ಪೆಟ್ಟಾಗಬಹುದು. ಇದರಲ್ಲಿ ಯಾವುದಾದರೂ ಬಂದರೆ "ಮುಂಜಾನಿ ನೋಡೂಣು" ಅನ್ನಬಾರದು. ನಮ್ಮ ಹಳ್ಳಿಗಳಿಂದ ದೊಡ್ಡ ಆಸ್ಪತ್ರೆ ಮುಟ್ಟೋಕೆ ತಾಸುಗಟ್ಟಲೆ ಬೇಕು. ಆ ಟೈಮನ್ನೂ ಲೆಕ್ಕಕ್ಕೆ ಹಿಡಿದು ಸರ್ಜನ್‌ಗೆ ಆಗಲೇ ಫೋನ್ ಮಾಡಿ, ಹೊರಡಿ.

ಇನ್ನೆರಡು ಎಚ್ಚರ. ಶುಗರ್, ಬಿಪಿ ಮಾತ್ರೆಯ ಹಳೇ ಡೋಸ್ ಈಗ ಜಾಸ್ತಿ ಆಗಬಹುದು, ಡಾಕ್ಟರನ್ನು ಕೇಳಿ ಬದಲಿಸಬೇಕು. ಮೆಡಿಕಲ್ ಶಾಪಿನಿಂದ ಸಿಕ್ಕ ನೋವಿನ ಗುಳಿಗೆ ತರಬಾರದು. ಐಬುಪ್ರೊಫೆನ್, ಡೈಕ್ಲೋಫಿನಾಕ್‌ನಂಥವು, ಮುಖ್ಯವಾಗಿ ಬೈಪಾಸ್ ಆದವರಿಗೆ, ಹುಣ್ಣು ಮಾಡಬಲ್ಲವು.

ನಮ್ಮ ಪಾಲಿನ ಕೆಲಸ

ಒಂದು ವರ್ಷದಲ್ಲಿ ಎಷ್ಟೋ ಜನರ ತೂಕ ಕಾಲು ಭಾಗದಷ್ಟು ಇಳಿಯುತ್ತದೆ. ಆಮೇಲೆ ಹಸಿವು ನಿಧಾನಕ್ಕೆ ವಾಪಸ್ ಬರುತ್ತದೆ, ತೂಕವೂ ಸ್ವಲ್ಪ ಏರಬಹುದು. ಆಗ ಕೈ ಹಿಡಿಯೋದು ಮೊದಲ ವರ್ಷ ಬಿದ್ದ ರೂಢಿ. ಆ ರೂಢಿ ಒಬ್ಬರಿಂದ ಬೀಳೋದಿಲ್ಲ. ಮನೆಯ ಎಲ್ಲರೂ ದೊಡ್ಡ ತಾಟಿನಲ್ಲಿ ಹೋಳಿಗೆ ಉಣ್ಣುವಾಗ ಒಬ್ಬರೇ ಬಟ್ಟಲು ಹಿಡಿದು ಕೂತರೆ ಅದು ಶಿಕ್ಷೆ ಅನಿಸುತ್ತದೆ. ಮದುವೆ ಪಂಕ್ತಿಯಲ್ಲಿ "ಏ ಇಷ್ಟ ಉಂಡ್ರ ಹೆಂಗ, ಇನ್ನೊಂದು ಹಾಕ್ರಿ" ಅಂತ ಬಡಿಸೋದು ನಮ್ಮ ಪ್ರೀತಿ. ಆದರೆ ಅವರಿಗೆ ಆ ಇನ್ನೊಂದು ತುತ್ತು ಎದೆಯಲ್ಲಿ ಸಿಕ್ಕಿಕೊಂಡು, ಎದ್ದು ಹೋಗಿ ವಾಂತಿ ಮಾಡೋ ಹಾಗೆ ಮಾಡುತ್ತದೆ. ಅದಕ್ಕೆ ಹೆದರಿ ಕೆಲವರು ಮಂದಿ ಜೊತೆ ಊಟಕ್ಕೆ ಕೂರೋದನ್ನೇ ಬಿಡುತ್ತಾರೆ.

ಈ ಸಲ ರಜೆಗೆ ಊರಿಗೆ ಹೋದಾಗ ಅಂಥವರನ್ನು ನೋಡೋಕೆ ಹೋಗೋದಿದ್ದರೆ ಕರದಂಟಿನ ಬದಲು ಡಜನ್ ಮೊಟ್ಟೆ, ಇಲ್ಲಾ ಒಂದು ಪಾಕೆಟ್ ಪನೀರ್ ಒಯ್ಯಿರಿ. "ಎಷ್ಟು ಕೆಜಿ ಇಳೀತ್ರೀ?" ಅಂತ ಕೇಳೋ ಬದಲು "ನಡೀರಿ ಅತ್ತಿ, ಒಂದು ರೌಂಡ್ ಅಡ್ಡಾಡಿ ಬರೂಣು" ಅನ್ನಿ. ಮತ್ತೆ ಊಟಕ್ಕೆ ಕೂತಾಗ ನೀವೂ ನಿಧಾನ ಉಣ್ಣಿ. ಅವರ ಬಟ್ಟಲು ಖಾಲಿಯಾಗೋ ತನಕ ನಿಮ್ಮ ತಾಟೂ ಖಾಲಿಯಾಗದಿರಲಿ.