ಮಾಡದ ಸಾಲಕ್ಕೆ ಬಂದ ವಸೂಲಿದಾರ

ನಮ್ಮ ಮನೆಯ ಎದುರು ಸಾಲಿನಲ್ಲಿ ವಾಸವಾಗಿರುವ ರಾಯರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತೆರಡು ವರ್ಷ ದುಡಿದು ಫೋರ್‌ಮನ್ ಆಗಿ ನಿವೃತ್ತರಾದವರು. ದಿನಸಿ ಅಂಗಡಿಯ ಬಾಕಿಯನ್ನು ಮರುದಿನಕ್ಕೆ ಉಳಿಸಿದರೆ ಅವರಿಗೆ ನಿದ್ದೆ ಹತ್ತುವುದಿಲ್ಲ. ಅಂಥವರು ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಗೆ ಬಂದರು. ಮುಂದಿಟ್ಟ ಕಾಫಿಯನ್ನು ಮುಟ್ಟಲಿಲ್ಲ. ನನ್ನ ಹೆಂಡತಿ ಒಳಗೆ ಹೋಗುವುದನ್ನೇ ಕಾದಿದ್ದು, ತಗ್ಗಿದ ದನಿಯಲ್ಲಿ, “ಮೇಷ್ಟ್ರೇ, ಒಂದು ವಾರದ ಮಟ್ಟಿಗೆ ಇಪ್ಪತ್ತು ಸಾವಿರ ರೂಪಾಯಿ ಆದೀತೇ?” ಎಂದರು.

ಎಂಟು ವರ್ಷಗಳ ನೆರೆಹೊರೆಯಲ್ಲಿ ಅವರು ನನ್ನಿಂದ ಪಡೆದ ಸಾಲವೆಂದರೆ ಭಾನುವಾರದ ಪತ್ರಿಕೆಯೊಂದೇ. ನನಗೆ ಆಶ್ಚರ್ಯವಾಯಿತು.

“ರಾಯರೇ, ಮನೆಯಲ್ಲಿ ಯಾರಿಗಾದರೂ ಮೈ ಸರಿಯಿಲ್ಲವೇ?”

“ಹಾಗೇನೂ ಇಲ್ಲ. ಹುಡುಗನ ವಿಷಯ. ಅವನಿಗೆ ತಿಳಿಯಬಾರದು. ನಮ್ಮ ಮನೆಯವಳಿಗೂ ತಿಳಿಯಬಾರದು.”

ಒತ್ತಾಯಿಸಿ ಕೇಳಿದ ಮೇಲೆ ಸಂಗತಿ ಹೊರಬಿತ್ತು. ಅವರ ಮಗ ಎಲೆಕ್ಟ್ರಾನಿಕ್ ಸಿಟಿಯ ಕಂಪೆನಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಪೀಣ್ಯ ಊರಿನ ಈ ತುದಿ, ಅದು ಆ ತುದಿ. ಈಗ ಆರ್. ವಿ. ರಸ್ತೆಯಲ್ಲಿ ಗಾಡಿ ಬದಲಾಯಿಸಿ ಮೆಟ್ರೋದಲ್ಲಿಯೇ ಹೋಗಬಹುದಾದರೂ ರಾತ್ರಿ ಪಾಳಿಯವನಿಗೆ ಅದು ಒದಗುವುದಿಲ್ಲವಾದ್ದರಿಂದ ಅಲ್ಲಿಯೇ ಪಿ.ಜಿ.ಯೊಂದರಲ್ಲಿ ಇದ್ದಾನೆ. ಮೂರು ದಿನಗಳ ಹಿಂದೆ, ಬೆಳಗಿನ ಆರೂ ಮುಕ್ಕಾಲಕ್ಕೆ ರಾಯರಿಗೆ ದೂರವಾಣಿ ಕರೆ ಬಂತು. ಮಾತನಾಡಿದವನು ಅವರ ಹೆಸರನ್ನೂ ಮಗನ ಹೆಸರನ್ನೂ ತಪ್ಪಿಲ್ಲದೆ ಹೇಳಿದನು. ಮಗನು ಮೂವತ್ತೆಂಟು ಸಾವಿರ ಸಾಲ ಮಾಡಿ ತಪ್ಪಿಸಿಕೊಂಡಿದ್ದಾನೆ, ಮೊಕದ್ದಮೆ ದಾಖಲಾಗಿದೆ, ಹತ್ತು ಗಂಟೆಗೆ ಪೊಲೀಸ್ ಜೀಪು ನಿಮ್ಮ ಬಾಗಿಲಿಗೆ ಬರುತ್ತದೆ, ಈಗಲೇ ೧೮,೫೦೦ ಕಟ್ಟಿದರೆ ಎಲ್ಲವೂ ಇತ್ಯರ್ಥ – ಇದು ಆತನ ಮಾತಿನ ಸಾರ.

ರಾಯರು ಕಟ್ಟಿದರು. ಮಧ್ಯಾಹ್ನ ‘ವಕೀಲರ ಖರ್ಚು’ ಎಂದು ಇನ್ನೂ ೧೨,೦೦೦ ಹೋಯಿತು. ಮೂರನೆಯ ಬಾರಿ ಇಪ್ಪತ್ತು ಸಾವಿರ ಕೇಳಿದಾಗ ಕೈ ಬರಿದಾಗಿತ್ತು. ಮಾಡದೆ ಇದ್ದ ಸಾಲವೊಂದು ಹೀಗೆ ನಿಜವಾದ ಸಾಲವನ್ನು ಹೆರಲು ನಮ್ಮ ಮನೆಯ ಬಾಗಿಲಿಗೆ ಬಂದಿತ್ತು.

“ಮಗನನ್ನು ಒಂದು ಮಾತು ಕೇಳಿದಿರಾ?” ಎಂದೆ.

ರಾಯರು ಬಹಳ ಹೊತ್ತು ಸುಮ್ಮನಿದ್ದು, “ಕೇಳಿದರೆ ಹೌದು ಎಂದುಬಿಟ್ಟಾನೆಂದು ಭಯವಾಯಿತು” ಎಂದರು.

ಈ ಒಂದು ವಾಕ್ಯದಲ್ಲಿ ಇಡೀ ವಂಚನೆಯ ಮರ್ಮವಿದೆ. ತಂದೆಯು ಮಗನಲ್ಲಿ ಸಂದೇಹಪಟ್ಟು ಕೇಳಲಾರನು, ನೆರೆಯವರಿಗೆ ತಿಳಿದೀತೆಂದು ಹೇಳಲಾರನು. ಈ ಎರಡು ಸಂಕೋಚಗಳ ನಡುವಣ ಮೌನದಲ್ಲಿ ಕಳ್ಳನು ಕೈಯಾಡಿಸುತ್ತಾನೆ. ಅವನ ಬಂಡವಾಳ ನಮ್ಮ ಹಣವಲ್ಲ, ನಮ್ಮ ಮರ್ಯಾದೆ.

ಭೂತಸಾಲದ ಕುಲಗೋತ್ರ

ಇಲ್ಲದ ಸಾಲವನ್ನು ವಸೂಲು ಮಾಡುವ ಈ ವಿದ್ಯೆ ನಮ್ಮ ಊರಿನಲ್ಲಿಯೇ ಹುಟ್ಟಿದ್ದಲ್ಲ. ಅಮೆರಿಕದವರು ಇದಕ್ಕೆ ‘ಭೂತಸಾಲ’ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ೨೦೧೨ರಲ್ಲಿ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಇಂಥ ಒಂದು ವ್ಯವಹಾರವನ್ನು ನ್ಯಾಯಾಲಯದ ಮೂಲಕ ನಿಲ್ಲಿಸಿತು. ಎರಡು ವರ್ಷ ತುಂಬುವುದರೊಳಗೆ ಐವತ್ತು ಲಕ್ಷ ಡಾಲರುಗಳಿಗೂ ಮೀರಿ ದೋಚಿದ್ದ ಆ ಕೂಟದ ಕರೆಗಳು ಹೋಗುತ್ತಿದ್ದುದು ಭಾರತದಿಂದಲೇ ಎಂಬುದು ನಮಗೆ ನಾಚಿಕೆಯ ವಿಷಯ. ಪೊಲೀಸರಂತೆಯೂ ವಕೀಲರಂತೆಯೂ ನಟಿಸಿ, ಇಂದೇ ಹಣ ಕಟ್ಟದಿದ್ದರೆ ಬಂಧನ ಎಂದು ಅವರು ಹೆದರಿಸುತ್ತಿದ್ದರು. ಪರದೇಶದವರ ಮೇಲೆ ಪ್ರಯೋಗವಾದ ಪಾಠ ಈಗ ಮನೆಯವರ ಮೇಲೆಯೇ ನಡೆದಿದೆ.

ನಮ್ಮಲ್ಲಿ ಅದಕ್ಕೆ ನೆಲ ಹದವಾದದ್ದು ಕೋವಿಡ್ ಕಾಲದಲ್ಲಿ. ಸಂಬಳ ನಿಂತ ಮನೆಗಳಿಗೆ ಮೊಬೈಲಿನ ಸಾಲದ ಆ್ಯಪ್‌ಗಳು ಐದು ನಿಮಿಷದಲ್ಲಿ ಹಣ ಕೊಟ್ಟವು. ಏಳು ದಿನದಲ್ಲಿ ಮರಳಿ ಕೇಳಿದವು. ೨೦೨೦ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಇಂಥ ಅನಧಿಕೃತ ಆ್ಯಪ್‌ಗಳ ವಿಷಯದಲ್ಲಿ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು. ಆ್ಯಪನ್ನು ಇಳಿಸಿಕೊಳ್ಳುವಾಗ ‘ಅನುಮತಿ’ ಎಂಬುದನ್ನು ಒತ್ತಿದವರ ಹೆಸರು ಪಟ್ಟಿಯೆಲ್ಲ – ಅಪ್ಪ, ಅಮ್ಮ, ಮೇಲಧಿಕಾರಿ, ಹಾಲಿನವನು – ಅದರ ವಶವಾಗುತ್ತಿತ್ತು. ಹೀಗೆ ಸಂಗ್ರಹವಾದ ಪಟ್ಟಿ ಕೈಯಿಂದ ಕೈಗೆ ಮಾರಾಟವಾದರೆ, ಕೊಂಡವನಿಗೆ ಸಾಲ ಕೊಡುವ ಶ್ರಮವೂ ಬೇಡ, ವಸೂಲಿಯೊಂದೇ ಸಾಕು.

ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ – ಈ ಕಡೆಗಳಲ್ಲಿ ದೂರದೂರಿನಿಂದ ಬಂದ ಮಕ್ಕಳು ಒಂಟಿಯಾಗಿ ಕೋಣೆ ಹಿಡಿದಿರುತ್ತಾರೆ. ತಂದೆತಾಯಿಗಳು ಹಾಸನದಲ್ಲಿಯೋ ರಾಯಚೂರಿನಲ್ಲಿಯೋ ಇರುತ್ತಾರೆ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರನ್ನು ಬೆದರಿಸಲು ಇದಕ್ಕಿಂತ ಅನುಕೂಲ ಯಾವುದು?

ಗುರುತು ಹಿಡಿಯುವ ಬಗೆ

ನಿಜವಾದ ಸಾಲಕ್ಕೆ ಮೂರು ಲಕ್ಷಣಗಳುಂಟು: ಕೊಟ್ಟವರ ಹೆಸರು, ಬರೆದ ಕಾಗದ, ನಾಳೆಯವರೆಗೆ ಕಾಯುವ ತಾಳ್ಮೆ. ಭೂತಸಾಲಕ್ಕೆ ಈ ಮೂರರಲ್ಲಿ ಒಂದೂ ಇರುವುದಿಲ್ಲ.

ಮೊದಲನೆಯದಾಗಿ, ಸಾಲ ಕೊಟ್ಟ ಸಂಸ್ಥೆ ಯಾವುದು, ಖಾತೆಯ ಸಂಖ್ಯೆ ಏನು, ಯಾವ ದಿನ ಯಾವ ಬ್ಯಾಂಕಿಗೆ ಹಣ ಸಂದಾಯವಾಯಿತು ಎಂದು ಕೇಳಿ. ಉತ್ತರಕ್ಕೆ ಬದಲು ಗದರಿಕೆ ಬಂದರೆ ಅರ್ಧ ನಿರ್ಣಯವಾದಂತೆಯೇ. ಅವನು ನಿಮ್ಮ ಹೆಸರನ್ನೂ ಪ್ಯಾನ್ ಸಂಖ್ಯೆಯನ್ನೂ ಹೇಳಿದನೆಂಬುದು ಪ್ರಮಾಣವಲ್ಲ. ಅವು ಎಲ್ಲೆಲ್ಲಿಯೋ ಸೋರಿಹೋಗಿರುತ್ತವೆ.

ಎರಡನೆಯದಾಗಿ, ಹೊತ್ತನ್ನು ಗಮನಿಸಿ. ಬೆಳಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ವಸೂಲಿಯ ಕರೆ ಕೂಡದೆಂದು ರಿಸರ್ವ್ ಬ್ಯಾಂಕು ೨೦೨೨ರ ಆಗಸ್ಟ್‌ನಲ್ಲಿ ತನ್ನ ಅಧೀನದ ಸಂಸ್ಥೆಗಳಿಗೆ ವಿಧಿಸಿತು. ಸಾಲಗಾರನ ಬಂಧುಮಿತ್ರರನ್ನು ಪೀಡಿಸುವುದನ್ನೂ ನಾಲ್ವರೆದುರು ಅವಮಾನ ಮಾಡುವುದನ್ನೂ ಅದೇ ನಿಷೇಧಿಸಿತು. ರಾಯರಿಗೆ ಬಂದ ಆರೂ ಮುಕ್ಕಾಲರ ಕರೆ ಅಲ್ಲಿಯೇ ಸಿಕ್ಕಿಬೀಳಬೇಕಾಗಿತ್ತು.

ಮೂರನೆಯದು, ಪೊಲೀಸಿನ ಹೆದರಿಕೆ. ತೆಗೆದುಕೊಂಡ ಸಾಲವನ್ನು ತೀರಿಸಲಾರದಿರುವುದು ತನ್ನಷ್ಟಕ್ಕೆ ಅಪರಾಧವಲ್ಲ. ಅದು ಸಿವಿಲ್ ವ್ಯಾಜ್ಯ. ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿದರೆ ಶಿಕ್ಷೆಯುಂಟು, ನಿಜ. ಆದರೆ ಅಲ್ಲಿಯೂ ಮೊದಲು ಬರಹದ ನೋಟೀಸು ಬರಬೇಕು, ಅದು ತಲುಪಿದ ಮೇಲೆ ಹಣ ಕಟ್ಟಲು ಹದಿನೈದು ದಿನ ಅವಕಾಶವಿರಬೇಕು. ಅರ್ಧ ಗಂಟೆಯ ಗಡುವು ಯಾವ ಕಾನೂನಿನಲ್ಲಿಯೂ ಇಲ್ಲ. ದೂರವಾಣಿಯಲ್ಲಿ ಬಂಧಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದಂತೂ ಶುದ್ಧ ಕಟ್ಟುಕಥೆ.

ನಾಲ್ಕನೆಯದು, ಹಣ ಎಲ್ಲಿಗೆ ಹೋಗುತ್ತದೆ ಎಂಬುದು. ಯಾರೋ ಒಬ್ಬ ವ್ಯಕ್ತಿಯ ಯು.ಪಿ.ಐ. ವಿಳಾಸಕ್ಕೆ ಕಳಿಸೆಂದರೆ ಅದು ವಸೂಲಿಯಲ್ಲ, ಸುಲಿಗೆ.

ಮಾಡಬೇಕಾದುದು

ಗೃಹಸ್ಥರು ಮಾಡಬೇಕಾದ ಮೊದಲ ಕೆಲಸ ಬಹು ಸುಲಭ: “ಏನಿದ್ದರೂ ಬರಹದಲ್ಲಿ ಕಳಿಸಿ” ಎಂದು ಹೇಳಿ ಕರೆಯನ್ನು ಮುಗಿಸುವುದು. ವಾದಕ್ಕೆ ನಿಲ್ಲಬಾರದು, ‘ಹೌದು, ಆ ಸಾಲ ನಮ್ಮದೇ’ ಎಂದು ಒಪ್ಪಿಕೊಳ್ಳಬಾರದು, ಓ.ಟಿ.ಪಿ.ಯನ್ನು ತಿಳಿಸಲೇಬಾರದು. ಪೀಡೆ ತೊಲಗಲೆಂದು ಐನೂರು ರೂಪಾಯಿ ಕೊಟ್ಟು ಕಳಿಸೋಣ ಎಂಬ ಯೋಚನೆ ಎಲ್ಲಕ್ಕಿಂತ ಅಪಾಯಕರ. ಕೊಡುವ ಮನೆಯೆಂದು ಗುರುತಾದರೆ ಕರೆಗಳು ನಿಲ್ಲುವುದಿಲ್ಲ, ಬೆಳೆಯುತ್ತವೆ.

ಬ್ಯಾಂಕುಗಳು ಗ್ರಾಹಕರಿಗೆ ವ್ಯವಹಾರದ ಕರೆ ಮಾಡುವಾಗ ೧೬೦೦ ಎಂದು ಆರಂಭವಾಗುವ ಸಂಖ್ಯೆಗಳನ್ನೇ ಬಳಸಬೇಕೆಂದು ರಿಸರ್ವ್ ಬ್ಯಾಂಕು ೨೦೨೫ರ ಜನವರಿಯಲ್ಲಿ ಸೂಚಿಸಿತು. ಆದರೂ ಸಂದೇಹವಿದ್ದರೆ ಕರೆದವನು ಕೊಟ್ಟ ಸಂಖ್ಯೆಗಲ್ಲ, ಪಾಸ್‌ಬುಕ್ಕಿನ ಮೇಲೆ ಅಚ್ಚಾಗಿರುವ ಸಂಖ್ಯೆಗೆ ನೀವೇ ಕರೆ ಮಾಡಿ ವಿಚಾರಿಸಿಕೊಳ್ಳಿ.

ನಮ್ಮ ಹೆಸರಿನಲ್ಲಿ ಬೇರೆ ಯಾರಾದರೂ ಸಾಲ ಎತ್ತಿರಬಹುದೇ? ಅದೂ ಅಸಂಭವವಲ್ಲ. ಅದನ್ನು ತಿಳಿಯುವ ದಾರಿಯೂ ಉಂಟು. ಸಿಬಿಲ್, ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ಪ್ರತಿಯೊಬ್ಬರ ಸಾಲದ ಲೆಕ್ಕವನ್ನು ಇಟ್ಟಿರುತ್ತವೆ. ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಇವು ಪುಕ್ಕಟೆಯಾಗಿ ಕೊಡತಕ್ಕದ್ದೆಂಬ ನಿಯಮ ೨೦೧೭ರಿಂದ ಇದೆ. ಅಪರಿಚಿತ ಸಾಲವೇನಾದರೂ ಅದರಲ್ಲಿ ಕಂಡರೆ ಅಲ್ಲಿಯೇ ಆಕ್ಷೇಪಣೆ ಸಲ್ಲಿಸಬಹುದು.

ಹಣ ಕೈಬಿಟ್ಟಿದ್ದರೆ ಮಾತ್ರ ಒಂದು ನಿಮಿಷವನ್ನೂ ಕಳೆಯಬೇಡಿ. ೧೯೩೦ – ಒಂದು, ಒಂಬತ್ತು, ಮೂರು, ಸೊನ್ನೆ – ಎಂಬ ಸಹಾಯವಾಣಿಗೆ ತಿಳಿಸಿದರೆ, ಹಣ ಇನ್ನೂ ಖಾತೆಯಲ್ಲಿ ಇರುವಷ್ಟರಲ್ಲಿ ಅದನ್ನು ತಡೆಹಿಡಿಯಲು ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ. ಕರೆ ಬಂದ ಸಂಖ್ಯೆ, ಹೊತ್ತು, ಹಣ ಹೋದ ರಸೀತಿ, ಸಂದೇಶಗಳ ಚಿತ್ರ – ಇವನ್ನು ಅಳಿಸದೆ ಕಾದಿಟ್ಟುಕೊಂಡು ಪೊಲೀಸರಿಗೆ ದೂರು ಕೊಡಬೇಕು.

ಸಾಲ ನಿಜವಾಗಿಯೂ ಇದ್ದರೆ? ಆಗಲೂ ಬೆದರಿಕೆಗೆ ಬಾಗಬೇಕಾಗಿಲ್ಲ. ಸಾಲ ಕೊಟ್ಟ ಸಂಸ್ಥೆಗೇ ನೇರವಾಗಿ ಹೋಗಿ ಕಂತಿನ ಮಾತನಾಡಬಹುದು. ಪೀಡನೆಯನ್ನು ಕುರಿತು ಅದಕ್ಕೆ ಬರೆದುಕೊಟ್ಟ ದೂರಿಗೆ ೩೦ ದಿನಗಳಲ್ಲಿ ಸಮಾಧಾನ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಮೊರೆಹೋಗಬಹುದು. ಅಲ್ಲಿಯ ದೂರವಾಣಿ ೧೪೪೪೮. ಕಿರುಸಾಲಗಳ ವಸೂಲಿಯಲ್ಲಿ ಬಲಾತ್ಕಾರವನ್ನು ತಡೆಯಲು ಕರ್ನಾಟಕ ಸರಕಾರವು ೨೦೨೫ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದು, ಹತ್ತು ವರ್ಷಗಳವರೆಗೆ ಸೆರೆವಾಸದ ಶಿಕ್ಷೆಯನ್ನು ಗೊತ್ತುಮಾಡಿತು.

ಆ ಸಂಜೆ

ಇಷ್ಟೆಲ್ಲ ನಿಯಮಗಳಿದ್ದರೂ ಆ ಸಂಜೆ ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದದ್ದು ಬೇರೆಯೇ ಒಂದು ಉಪಾಯ. ರಾಯರ ಕೈಯಿಂದಲೇ ಮಗನಿಗೆ ಕರೆ ಮಾಡಿಸಿದೆ.

“ಅಪ್ಪಾ, ನಾನು ಸಾಲವನ್ನೇ ಮಾಡಿಲ್ಲವಲ್ಲ!” ಎಂದನು ಹುಡುಗ. ಸ್ವಲ್ಪ ತಡೆದು, “ಹೋದ ವರ್ಷ ಹೊಸ ಫೋನು ಕೊಳ್ಳೋಣವೆಂದು ಒಂದು ಆ್ಯಪು ಹಾಕಿಕೊಂಡಿದ್ದೆ. ಬಡ್ಡಿ ನೋಡಿ ಹೆದರಿ ತೆಗೆದುಬಿಟ್ಟೆ. ನೀವು ಬೈಯುತ್ತೀರೆಂದು ಹೇಳಲಿಲ್ಲ” ಎಂದನು.

ತಂದೆ ಮಗನಿಗೆ ಹೇಳಿರಲಿಲ್ಲ. ಮಗ ತಂದೆಗೆ ಹೇಳಿರಲಿಲ್ಲ. ಇಬ್ಬರ ನಡುವೆ ಹೆದರಿಕೆಯಷ್ಟೇ ಪ್ರೀತಿಯೂ ಇತ್ತು. ಕಳ್ಳನು ನುಗ್ಗಿದ್ದು ಆ ಸಂದಿಯಿಂದಲೇ.

೧೯೩೦ಕ್ಕೆ ತಿಳಿಸಿದೆವು, ಠಾಣೆಯಲ್ಲಿ ದೂರು ಕೊಟ್ಟೆವು. ಹೋದ ೩೦,೫೦೦ ರೂಪಾಯಿ ಇನ್ನೂ ಬಂದಿಲ್ಲ. ಮೂರು ದಿನ ತಡವಾಗಿತ್ತು. ನನ್ನ ಇಪ್ಪತ್ತು ಸಾವಿರ ಮಾತ್ರ ಉಳಿಯಿತು. ರಾಯರು ಅಂದು ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದರಂತೆ. ಆಕೆ ಹಣಕ್ಕಾಗಿ ಒಂದು ಮಾತನ್ನೂ ಆಡಲಿಲ್ಲವಂತೆ, “ಮೂರು ದಿನ ಒಬ್ಬರೇ ಹೇಗೆ ನುಂಗಿಕೊಂಡಿದ್ದಿರಿ?” ಎಂದಷ್ಟೇ ಕೇಳಿದರಂತೆ.

ಈ ವಾರ ಊಟಕ್ಕೆ ಕುಳಿತಾಗ ವಾಚಕ ಮಹಾಶಯರು ಮನೆಮಂದಿಗೆಲ್ಲ ಒಂದು ಮಾತನ್ನು ಹೇಳಿಟ್ಟರೆ ಈ ಲೇಖನ ಸಾರ್ಥಕವಾದೀತು: “ನಿನ್ನ ಹೆಸರಿನಲ್ಲಿ ಯಾರು ಏನೇ ಹೇಳಿದರೂ ಮೊದಲು ನಿನ್ನನ್ನೇ ಕೇಳುತ್ತೇನೆ, ನೀನೂ ನನ್ನನ್ನೇ ಕೇಳು. ಬೈಯುವುದಿದ್ದರೆ ಆಮೇಲೆ ನೋಡಿಕೊಳ್ಳೋಣ.”