ವಿಪತ್ತಿನಲ್ಲಿಯೂ ನಿಲ್ಲದ ಕೆಲಸ

ಅನಾವೃಷ್ಟಿಯನ್ನಾಗಲಿ ಅತಿವೃಷ್ಟಿಯನ್ನಾಗಲಿ ತಡೆಯುವ ಶಕ್ತಿ ನಮಗಿಲ್ಲ. ಆದರೆ ಅವು ಬಂದೆರಗಿದಾಗ ನೀರು, ಆಹಾರ, ಔಷಧಗಳ ಪೂರೈಕೆ ನಿಲ್ಲದಂತೆ ಮುಂಚಿತವಾಗಿ ಏರ್ಪಾಡು ಮಾಡಿಕೊಳ್ಳಬಲ್ಲೆವು. ಇಂತಹ ಏರ್ಪಾಡಿಗೆ ಒಂದು ಶಾಸ್ತ್ರವೇ ಉಂಟು. 1970ರ ದಶಕದಲ್ಲಿ ದೊಡ್ಡ ಸಂಸ್ಥೆಗಳು ಕಂಪ್ಯೂಟರುಗಳನ್ನು ನೆಚ್ಚತೊಡಗಿದುವು. ಯಂತ್ರ ಕೆಟ್ಟರೆ ವ್ಯವಹಾರವೇ ನಿಲ್ಲುವುದೆಂದರಿತು, ಲೆಕ್ಕಪತ್ರಗಳ ಎರಡನೆಯ ಪ್ರತಿಯನ್ನು ಬೇರೊಂದು ಸ್ಥಳದಲ್ಲಿರಿಸಿದುವು. ಇದೇ ಮುಂದೆ ‘ವ್ಯವಹಾರ ಸಾತತ್ಯ ಯೋಜನೆ’ಯಾಗಿ ಬೆಳೆಯಿತು, 2012ರಲ್ಲಿ ಇದಕ್ಕೆ ಐಎಸ್‌ಒ 22301 ಎಂಬ ಅಂತಾರಾಷ್ಟ್ರೀಯ ಮಾನಕವೂ ದೊರೆಯಿತು.

ಈ ಶಾಸ್ತ್ರ ಕೇಳುವ ಪ್ರಶ್ನೆಗಳು ನಾಲ್ಕು. ನಿಲ್ಲಲೇಬಾರದ ಕೆಲಸ ಯಾವುದು? ಅದು ಎಷ್ಟು ಹೊತ್ತು ನಿಂತರೆ ಸಹಿಸಬಲ್ಲೆವು? ಅದಕ್ಕೆ ಆಧಾರ ಯಾವುದು? ಆಧಾರ ತಪ್ಪಿದರೆ ಬದಲಿ ಯಾವುದು, ಅದನ್ನು ನಡೆಸುವವರು ಯಾರು?

ಈ ಪ್ರಶ್ನೆಗಳನ್ನು ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನಂತಹ ಊರಿಗೆ ಅನ್ವಯಿಸಿ ನೋಡೋಣ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆದುದರಿಂದ ಹಿರಿಯರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನದಕ್ಕೆ ಇಳಿಯುತ್ತಿತ್ತು. ತೂಬನ್ನು ತೆರೆದು ಗದ್ದೆಗಳಿಗೆ ನೀರು ಹಂಚಲು ನೀರಗಂಟಿಯಿದ್ದನು. ಹೊಣೆ ಯಾರದೆಂಬುದು ಮೊದಲೇ ನಿಶ್ಚಿತವಾಗಿತ್ತು. ಆದರೆ ಈ ಸರಪಳಿಯಲ್ಲಿಯೂ ದೋಷವುಂಟು: ಮೇಲಿನ ಏರಿ ಒಡೆದರೆ ಆ ಪ್ರವಾಹವೆಲ್ಲ ಕೆಳಗಿನ ಕೆರೆಯ ಮೇಲೆ ಬೀಳುವುದು.

ಮುಂದೆ ಕೊಳವೆಬಾವಿಗಳು ಬಂದುವು. ಊರಿನಲ್ಲಿ ಹತ್ತು ಕೊಳವೆಬಾವಿಗಳಿದ್ದರೆ ಹತ್ತು ಬದಲಿಗಳಿವೆಯೆಂದು ತೋರಬಹುದು. ಅವೆಲ್ಲವೂ ಒಂದೇ ಅಂತರ್ಜಲವನ್ನು ಹೀರುತ್ತ, ಒಂದೇ ವಿದ್ಯುತ್ ತಂತಿಯನ್ನು ನೆಚ್ಚಿದ್ದರೆ, ಅವು ಹತ್ತಲ್ಲ, ಒಂದೇ! ಒಟ್ಟಿಗೆ ಸೋಲುವ ಎರಡು ಆಧಾರಗಳಲ್ಲಿ ಒಂದು ಇನ್ನೊಂದಕ್ಕೆ ಬದಲಿಯಾಗಲಾರದು. ಇದೇ ಈ ಶಾಸ್ತ್ರದ ತಿರುಳು.

2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯಜಲ ಕೋಲಾರದ ಕೆರೆಗಳಿಗೆ ಬರುತ್ತಿದೆ. ಇದು ಸ್ಥಳೀಯ ಮಳೆಯನ್ನು ನೆಚ್ಚದಿರುವುದರಿಂದ ನಿಜವಾಗಿಯೂ ಬೇರೆಯ ಆಧಾರ; ಆದರೆ ಅದರ ಉದ್ದೇಶ ಅಂತರ್ಜಲದ ಮರುಪೂರಣವೇ ಹೊರತು ನೇರವಾಗಿ ಕುಡಿಯುವುದಲ್ಲ. ಅದನ್ನು ಸಾಗಿಸಲು ಪಂಪುಗಳೂ ವಿದ್ಯುತ್ತೂ ಬೇಕು.

ಊರಿಗೆ ಸಲ್ಲುವ ಮಾತು ದೇಶಕ್ಕೂ ಸಲ್ಲುವುದು. 2005ರ ವಿಪತ್ತು ನಿರ್ವಹಣಾ ಕಾಯಿದೆಯು ಪ್ರತಿ ಜಿಲ್ಲೆಗೂ ಒಂದು ಯೋಜನೆಯಿರಬೇಕೆಂದು ವಿಧಿಸಿದೆ. ಆದರೆ ಕಡತದಲ್ಲಿ ಮಲಗಿದ ಯೋಜನೆ ಯಾರ ಬಾಯಾರಿಕೆಯನ್ನೂ ಹಿಂಗಿಸದು. ಕಾಲಕಾಲಕ್ಕೆ ಅದನ್ನು ಪ್ರಯೋಗಿಸಿ ನೋಡಬೇಕು. ವಿದ್ಯಾರ್ಥಿಗಳೂ ಇದರಲ್ಲಿ ಭಾಗಿಗಳಾಗಬಹುದು. ಮೂರು ದಿನ ವಿದ್ಯುತ್ತಿಲ್ಲದಿದ್ದರೆ ನಮ್ಮೂರಿನ ಆಸ್ಪತ್ರೆಗೆ ನೀರು ಎಲ್ಲಿಂದ ಬರುವುದು, ತರುವವರು ಯಾರು ಎಂದು ವಿಚಾರಿಸಿ ಬರೆದಿಡೋಣ. ಉತ್ತರ ದೊರೆಯದಿದ್ದರೆ, ಯೋಜನೆ ಆರಂಭವಾಗಬೇಕಾದುದು ಅಲ್ಲಿಂದಲೇ.