ಅಂಟುವಾಳದ ನೊರೆ ಮತ್ತು ವಿಷದ ಮಣ್ಣು

ಎಣ್ಣೆಯೊತ್ತಿದ ತಲೆಗೆ ಬರಿಯ ನೀರು ಸಾಲದು, ಸೀಗೆಪುಡಿ ಬೇಕೆಂಬುದು ಜನಪದರ ನಿತ್ಯಜ್ಞಾನ. ರೇಷ್ಮೆ ಸೀರೆಗೂ ಚಿನ್ನದ ಒಡವೆಗೂ ಅಂಟುವಾಳವನ್ನು ಬಳಸುವ ರೂಢಿಯ ಹಿಂದಿರುವುದೂ ಇದೇ ತಿಳಿವಳಿಕೆ. ಈ ಕಾಯಿಗಳಲ್ಲಿರುವ ಸಪೋನಿನ್ ಅಣುವಿನ ಒಂದು ತುದಿ ನೀರಿಗೆ ಒಲಿಯುತ್ತದೆ, ಇನ್ನೊಂದು ಜಿಡ್ಡಿಗೆ. ನೀರಿನಲ್ಲಿ ಅದರ ಪ್ರಮಾಣ ಒಂದು ಮಿತಿಯನ್ನು ದಾಟಿದೊಡನೆ ಅಣುಗಳು ಗುಂಪುಗೂಡಿ, ಜಿಡ್ಡನ್ನು ಒಡಲೊಳಗೆ ಅಡಗಿಸಿಕೊಂಡು ನೀರಿನೊಡನೆ ಸಾಗುತ್ತವೆ.

ತೈಲ, ಕೀಟನಾಶಕಗಳಿಂದ ಕೆಟ್ಟ ಮಣ್ಣನ್ನು ನೊರೆದ್ರಾವಣದಿಂದ ತೊಳೆಯುವ ಆಧುನಿಕ ವಿಧಾನಕ್ಕೂ ಈ ತತ್ತ್ವವೇ ಆಧಾರ. 1997ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದರಲ್ಲಿ, ನಮ್ಮ ಅಂಟುವಾಳದ ಕುಲಕ್ಕೇ ಸೇರಿದ ರೀಠಾ ಕಾಯಿಯ ಸಾರವನ್ನು ಹೆಕ್ಸಾಕ್ಲೋರೋಬೆಂಜೀನ್ ಎಂಬ ನೀರಿಗೆ ಜಗ್ಗದ ವಿಷವನ್ನು ಮಣ್ಣಿನಿಂದ ಬಿಡಿಸಲು ಬಳಸಲಾಯಿತು. ಮರಳುಮಣ್ಣು ಇಂಥ ತೊಳೆತಕ್ಕೆ ಬೇಗ ಮಣಿಯುತ್ತದೆ. ಜೇಡಿಮಣ್ಣು ಅಷ್ಟು ಸುಲಭವಾಗಿ ವಿಷವನ್ನು ಬಿಟ್ಟುಕೊಡದು.

ಸಸ್ಯಜನ್ಯವಾದ ಮಾತ್ರಕ್ಕೆ ನೊರೆ ನಿರುಪದ್ರವಿ ಎಂಬ ಜಾಹೀರಾತಿನ ನಂಬಿಕೆಯನ್ನು ಮಾತ್ರ ಒಪ್ಪಲಾಗದು. ಕಾರೆಕಾಯಿಯನ್ನು ಜಜ್ಜಿ ಹಳ್ಳದ ಮಡುವಿಗೆ ಬೆರೆಸಿ ಮೀನು ಹಿಡಿಯುತ್ತಿದ್ದವರು ಇದನ್ನು ಚೆನ್ನಾಗಿ ಬಲ್ಲರು. ಅದರಲ್ಲಿರುವುದೂ ಸಪೋನಿನ್ನೇ, ಮೀನಿನ ಕಿವಿರುಗಳಿಗೆ ಅದು ಮಾರಕ. ಮಣ್ಣಿನ ತೊಳೆತದಲ್ಲಿ ಅಪಾಯ ಇಮ್ಮಡಿ. ಏಕೆಂದರೆ ಅಲ್ಲಿ ವಿಷ ನಾಶವಾಗುವುದಿಲ್ಲ, ಮಣ್ಣನ್ನು ಬಿಟ್ಟು ನೀರಿಗೆ ಬರುತ್ತದೆ, ಅಷ್ಟೆ. ಆ ನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು, ಸಕ್ರಿಯ ಇದ್ದಿಲಿನಿಂದಲೋ ಸೂಕ್ಷ್ಮಜೀವಿಗಳಿಂದಲೋ ಸಂಸ್ಕರಿಸಬೇಕು. ಹಾಗೆ ಮಾಡದೆ ಹರಿಯಬಿಟ್ಟರೆ, ಅದುವರೆಗೆ ಮಣ್ಣಿಗೆ ಅಂಟಿಕೊಂಡಿದ್ದ ವಿಷ ನೊರೆಯ ಬೆನ್ನೇರಿ ಊರಿನ ಬಾವಿಯನ್ನು ಸೇರುತ್ತದೆ.